ಅಲುಗುವ ಉಕ್ಕಿನ ಲೆಕ್ಕ

"ಅಲ್ಲಾಡ್ತಾ ಇದೆ, ಇನ್ನೆರಡು ಚಾನೆಲ್ ಹಾಕಿಸಿಬಿಡೋಣ" ಎಂಬ ಮಾತನ್ನು ಉಕ್ಕಿನ ಕಟ್ಟಡಗಳ ವಿನ್ಯಾಸ ಮಾಡುವ ನನ್ನಂಥವರು ಕೇಳಿದಷ್ಟು ಬಾರಿ ಬೇರೆ ಯಾವ ಮಾತನ್ನೂ ಕೇಳಿರಲಿಕ್ಕಿಲ್ಲ. ಚಾನೆಲ್ ಎಂದರೆ ತೊಟ್ಟಿಯಂತೆ ಮೂರು ಬದಿಯಿರುವ ಉದ್ದನೆಯ ಉಕ್ಕಿನ ತುಂಡು. ಆ ಮಾತಿನಲ್ಲಿ ತಪ್ಪಿದೆಯೆಂದು ಮೇಲ್ನೋಟಕ್ಕೆ ಅನ್ನಿಸುವುದೂ ಇಲ್ಲ. ಬಾಗುತ್ತಿರುವ ತೊಲೆಗೆ ಉಕ್ಕು ಕೂಡಿಸಿದರೆ ಬಾಗು ಕಡಿಮೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ, ಅಲುಗುತ್ತಿರುವ ತೊಲೆಗೂ ಅದೇ ಮದ್ದು ಸಾಕೆಂದು ತಿಳಿಯುವುದು ಸಹಜ. ಆ ತಿಳಿವಳಿಕೆ ಕೈಕೊಟ್ಟ ಒಂದು ಪ್ರಸಂಗವನ್ನೂ ಅದರ ಹಿಂದಿನ ಲೆಕ್ಕವನ್ನೂ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿಡುತ್ತಿದ್ದೇನೆ.

ಕಾರ್ಖಾನೆಯೊಂದರಲ್ಲಿ ದೂಳು ಹೀರುವ ದೊಡ್ಡ ಫ್ಯಾನನ್ನು ಉಕ್ಕಿನ ಪ್ಲಾಟ್‌ಫಾರ್ಮ್ ಮೇಲೆ ಕೂರಿಸಿದ್ದರು. ಅದು ನಿಮಿಷಕ್ಕೆ 980 ಸುತ್ತು ತಿರುಗುತ್ತಿತ್ತು. ಮೊದಲಿನಿಂದಲೂ ಆ ಪ್ಲಾಟ್‌ಫಾರ್ಮ್ ಮೇಲೆ ನಿಂತರೆ ಅಂಗಾಲು ಜುಮ್ಮೆನ್ನುತ್ತಿತ್ತಂತೆ. ಅದರಿಂದ ಹಾನಿಯೇನೂ ಆಗಿರಲಿಲ್ಲ. ಆ ಜುಮ್ಮೆನ್ನುವುದೂ ಬೇಡವೆಂದು ನಿರ್ವಹಣಾ ವಿಭಾಗದವರು ಒಂದು ರಜೆಯ ದಿನ ಫ್ಯಾನ್ ನಿಲ್ಲಿಸಿ, ಅದನ್ನು ಹೊತ್ತಿದ್ದ ಎರಡು ತೊಲೆಗಳ ಕೆಳ ಫ್ಲಾಂಜಿಗೆ, ಅಂದರೆ ತಳದ ಅಗಲ ಪಟ್ಟಿಗೆ, ಚಾನೆಲ್‌ಗಳನ್ನು ಬೆಸೆದರು. ಮರುದಿನ ಫ್ಯಾನ್ ಚಾಲೂ ಮಾಡಿದಾಗ ಬದಿಯ ಕಂಬಿ ಕಣ್ಣಿಗೆ ಎರಡಾಗಿ ಕಾಣುವಷ್ಟು ನಡುಗತೊಡಗಿತು. ನಡೆದಾಡಲು ಹಾಸಿದ ಉಕ್ಕಿನ ಜಾಲರಿಯನ್ನು (ಗ್ರೇಟಿಂಗ್) ಹಿಡಿದಿದ್ದ ಕ್ಲಿಪ್‌ಗಳು ಒಂದೊಂದಾಗಿ ಕಳಚಿ ಕೆಳಗೆ ಬಿದ್ದವು. ವಾರ ಕಳೆಯುವಷ್ಟರಲ್ಲಿ ಮೋಟಾರಿನ ಬುಡದ ಎರಡು ಬೋಲ್ಟುಗಳು ಕೈಯಲ್ಲಿ ತಿರುಗಿಸುವಷ್ಟು ಸಡಿಲವಾಗಿದ್ದವು. ಇನ್ನಷ್ಟು ದಪ್ಪದ ಚಾನೆಲ್ ಹಾಕಬೇಕೇ ಎಂದು ಕೇಳಲು ನನ್ನನ್ನು ಕರೆಸಿದ್ದು ಅದಾದ ಎರಡು ವಾರಕ್ಕೆ.

ನಕ್ಷೆ ಹಿಡಿದು ಬಲದ ಲೆಕ್ಕ ಮಾಡಿ ನೋಡಿದರೆ, ಚಾನೆಲ್ ಹಾಕುವ ಮೊದಲೂ ಆ ತೊಲೆಗಳು ತಮ್ಮ ಸಾಮರ್ಥ್ಯದ ಕಾಲು ಭಾಗವನ್ನೂ ಬಳಸಿಕೊಂಡಿರಲಿಲ್ಲ. ಗುಟ್ಟು ಬಿಟ್ಟುಕೊಟ್ಟವರು ಫ್ಯಾನ್ ನೋಡಿಕೊಳ್ಳುತ್ತಿದ್ದ ಹಿರಿಯ ಆಪರೇಟರ್. "ಸಾರ್, ಮೊದ್ಲು ಸ್ವಿಚ್ ಆಫ್ ಮಾಡಿದ್ಮೇಲೆ ಫ್ಯಾನ್ ನಿಧಾನ ಆಗ್ತಾ ಒಂದು ಗಳಿಗೆ ಜೋರಾಗಿ ಅಲ್ಲಾಡಿ ಆಮೇಲೆ ಸುಮ್ಮನಾಗ್ತಿತ್ತು. ಈಗ ಆಫ್ ಮಾಡಿದ ತಕ್ಷಣ ಅಲ್ಲಾಟ ಇಳಿದುಬಿಡುತ್ತೆ" ಎಂದರು. ಅವರು ಇದನ್ನು ಒಂದು ಸಮಾಧಾನದ ಸಂಗತಿಯೆಂಬಂತೆ ಹೇಳಿದರು. ನನಗಂತೂ ಇಡೀ ರೋಗದ ಚರಿತ್ರೆ ಆ ಎರಡು ವಾಕ್ಯಗಳಲ್ಲಿಯೇ ಸಿಕ್ಕಿತು.

ಯಾವುದೇ ತೊಲೆಯನ್ನು ಒಮ್ಮೆ ತಟ್ಟಿ ಬಿಟ್ಟರೆ ಅದು ತನ್ನದೇ ಆದ ಒಂದು ಲಯದಲ್ಲಿ ಅಲುಗುತ್ತದೆ. ಸೆಕೆಂಡಿಗೆ ಎಷ್ಟು ಬಾರಿ ಎಂಬುದು ಅದರ ಸಹಜ ಆವೃತ್ತಿ, ಅಳತೆ ಹರ್ಟ್ಸ್. ಬಿಗಿತ ಹೆಚ್ಚಿದಂತೆ ಈ ಆವೃತ್ತಿ ಏರುತ್ತದೆ, ಹೊತ್ತ ತೂಕ ಹೆಚ್ಚಿದಂತೆ ಇಳಿಯುತ್ತದೆ, ಎರಡೂ ವರ್ಗಮೂಲದ ಪ್ರಮಾಣದಲ್ಲಿ. ಸಮನಾಗಿ ಹರಡಿದ ತೂಕ ಹೊತ್ತು ಎರಡು ತುದಿಗಳ ಮೇಲೆ ಕುಳಿತ ತೊಲೆಗೆ ನಾವೆಲ್ಲ ಬಳಸುವ ಒಂದು ಬಾಯಿಲೆಕ್ಕವಿದೆ: ಆ ತೂಕಕ್ಕೆ ತೊಲೆ ಎಷ್ಟು ಮಿಲಿಮೀಟರ್ ಬಾಗುತ್ತದೆಯೋ ಅದರ ವರ್ಗಮೂಲದಿಂದ 18ನ್ನು ಭಾಗಿಸಿದರೆ ಸಹಜ ಆವೃತ್ತಿ ಹೆಚ್ಚುಕಡಿಮೆ ಸಿಗುತ್ತದೆ. 9 ಮಿಲಿಮೀಟರ್ ಬಾಗುವ ತೊಲೆ 6 ಹರ್ಟ್ಸ್, 4 ಮಿಲಿಮೀಟರ್ ಬಾಗುವುದು 9 ಹರ್ಟ್ಸ್, 1 ಮಿಲಿಮೀಟರ್ ಬಾಗುವುದು 18 ಹರ್ಟ್ಸ್. ಕಂಪ್ಯೂಟರಿನಲ್ಲಿ ಮಾದರಿ ಕಟ್ಟುವ ಮೊದಲು ಈ ಲೆಕ್ಕವನ್ನು ಒಂದು ಚೀಟಿಯ ಮೇಲೆ ಮಾಡಿ ನೋಡದಿದ್ದರೆ ನನಗೆ ಇಂದಿಗೂ ಸಮಾಧಾನವಾಗುವುದಿಲ್ಲ.

ಫ್ಯಾನಿನ ವೇಗ ನಿಮಿಷಕ್ಕೆ 980 ಸುತ್ತು, ಅಂದರೆ ಸೆಕೆಂಡಿಗೆ 16.3. ಚಾನೆಲ್ ಇಲ್ಲದ ಸ್ಥಿತಿಗೆ ಲೆಕ್ಕ ಹಾಕಿದಾಗ ಪ್ಲಾಟ್‌ಫಾರ್ಮಿನ ಸಹಜ ಆವೃತ್ತಿ ಸುಮಾರು 13 ಹರ್ಟ್ಸ್ ಬಂತು. ಸ್ವಿಚ್ ಆರಿಸಿದ ಮೇಲೆ ಫ್ಯಾನ್ ನಿಧಾನವಾಗುತ್ತ ನಿಮಿಷಕ್ಕೆ 780 ಸುತ್ತಿನ ಆಸುಪಾಸಿಗೆ ಬಂದಾಗ ಎರಡೂ ಲಯಗಳು ಒಂದು ಗಳಿಗೆ ಕೂಡುತ್ತಿದ್ದವು. ಆಪರೇಟರ್ ಕಂಡ ಆ ಜೋರಿನ ಅಲ್ಲಾಟ ಅದೇ. ಹೀಗೆ ಲಯ ಕೂಡಿ ಅಲ್ಲಾಟ ಹಿಗ್ಗುವುದನ್ನೇ ಅನುರಣನ ಎನ್ನುವುದು. ಚಾನೆಲ್ ಬೆಸೆದ ಮೇಲೆ ಬಿಗಿತ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಗಿ, ಸಹಜ ಆವೃತ್ತಿ 16ರ ಮೇಲಕ್ಕೆ ಹೋಗಿ, ಫ್ಯಾನ್ ದಿನವಿಡೀ ಓಡುವ ವೇಗದ ಮೇಲೆಯೇ ಕುಳಿತುಬಿಟ್ಟಿತ್ತು. ಹಿಂದೆ ದಿನಕ್ಕೆರಡು ಬಾರಿ ಒಂದೊಂದು ಗಳಿಗೆ ಬಂದುಹೋಗುತ್ತಿದ್ದ ಅನುರಣನವನ್ನು ಚಾನೆಲ್ ಬೆಸೆದವರು ಮನೆಯ ಅಳಿಯನಂತೆ ಕರೆತಂದು ಕೂರಿಸಿದ್ದರು. ಬಾಗಿನ ಲೆಕ್ಕದಲ್ಲಿ ಹೇಳುವುದಾದರೆ ಈ ಇಡೀ ಅನಾಹುತ ಮುಕ್ಕಾಲು ಮಿಲಿಮೀಟರಿಗಿಂತ ಕಡಿಮೆಯ ವ್ಯತ್ಯಾಸ: 1.9 ಇದ್ದ ಬಾಗು 1.2 ಆಯಿತು. ಬಲದ ಲೆಕ್ಕದಲ್ಲಿ ಇದು ಸುಧಾರಣೆ.

ಅಲುಗಿಸುತ್ತಿದ್ದ ಬಲವಾದರೂ ಎಷ್ಟು? ಫ್ಯಾನಿನ ರೆಕ್ಕೆಗಳಿಗೆ ದೂಳು ಮೆತ್ತಿಕೊಳ್ಳುತ್ತದೆ, ಮತ್ತು ಅದು ಎಲ್ಲ ರೆಕ್ಕೆಗಳಿಗೂ ಸಮನಾಗಿ ಮೆತ್ತುವುದಿಲ್ಲ. ನಡುವಿನಿಂದ 60 ಸೆಂಟಿಮೀಟರ್ ದೂರದಲ್ಲಿ ಒಂದು ಕಡೆ 200 ಗ್ರಾಂ ದೂಳು ಹೆಚ್ಚಾಗಿದೆ ಎಂದುಕೊಳ್ಳೋಣ. ನಿಮಿಷಕ್ಕೆ 980 ಸುತ್ತಿನಲ್ಲಿ ಅದು ಹುಟ್ಟಿಸುವ ಕೇಂದ್ರಾಪಗಾಮಿ ಬಲ ಸುಮಾರು 1,260 ನ್ಯೂಟನ್, ಅಂದರೆ 130 ಕಿಲೋ ತೂಕದಷ್ಟು. ಹಲವು ಟನ್ ಹೊರುವ ತೊಲೆಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಈ ಬಲ ಸೆಕೆಂಡಿಗೆ 16 ಬಾರಿ ಮೇಲೆ ಕೆಳಗೆ ಎಳೆದಾಡುತ್ತದೆ, ಮತ್ತು ಲಯ ಕೂಡಿದಾಗ ಪ್ರತಿ ಎಳೆತವೂ ಹಿಂದಿನದರ ಮೇಲೆ ಜಮೆಯಾಗುತ್ತ ಹೋಗುತ್ತದೆ. ಹನಿಗೂಡಿದರೆ ಹಳ್ಳ ಎಂಬ ಮಾತಿಗೆ ಎಂಜಿನಿಯರಿಂಗ್‌ನಲ್ಲಿ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತಿಳಿದಿಲ್ಲ.

ಹಳ್ಳ ಎಲ್ಲಿಯವರೆಗೆ ತುಂಬಬಹುದು ಎಂಬುದನ್ನು ನಿರ್ಧರಿಸುವುದು ಅವಮಂದನ; ನಾವು ಮಾತಿನಲ್ಲಿ ಡ್ಯಾಂಪಿಂಗ್ ಎನ್ನುತ್ತೇವೆ. ಅಲುಗಾಟದ ಶಕ್ತಿಯನ್ನು ಕೀಲುಗಳ ಉಜ್ಜಾಟದಲ್ಲಿ, ಗೋಡೆ ಮತ್ತು ಪೀಠೋಪಕರಣಗಳ ತಿಕ್ಕಾಟದಲ್ಲಿ ಕಟ್ಟಡ ಎಷ್ಟು ಬೇಗ ಸೋರಿಸಿಬಿಡುತ್ತದೆ ಎಂಬುದರ ಅಳತೆ ಅದು. ಉಕ್ಕಿನ ದೊಡ್ಡ ದೌರ್ಬಲ್ಯ ಇಲ್ಲಿದೆ. ಬರೀ ಬೆಸುಗೆಯಿಂದ ಕೂಡಿಸಿದ ಉಕ್ಕಿನ ಚೌಕಟ್ಟಿನ ಡ್ಯಾಂಪಿಂಗ್ ಅನುಪಾತ ನೂರಕ್ಕೆ ಅರ್ಧ ಅಥವಾ ಅದಕ್ಕೂ ಕಡಿಮೆ ಇರಬಹುದು; ಬೋಲ್ಟ್ ಮಾಡಿದ್ದಕ್ಕೆ ಒಂದೋ ಎರಡೋ. ಅನುರಣನದಲ್ಲಿ ಬಲ ಎಷ್ಟು ಪಟ್ಟು ಹಿಗ್ಗುತ್ತದೆ ಎಂದು ತಿಳಿಯಲು ಈ ಅನುಪಾತದ ಇಮ್ಮಡಿಯಿಂದ 1ನ್ನು ಭಾಗಿಸಬೇಕು. ನೂರಕ್ಕೆ ಒಂದು ಎಂದು ಹಿಡಿದರೆ ಸಿಗುವುದು 50. ಆಗ 130 ಕಿಲೋ ಬಲ ತೊಲೆಯ ಪಾಲಿಗೆ ಆರೂವರೆ ಟನ್ ಹತ್ತಿರದ ಹೊರೆಯಾಗುತ್ತದೆ, ಅದೂ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ.

ಲೆಕ್ಕ ಹೀಗಿದ್ದರೂ ಅಳತೆ ಮಾಡದೆ ತೀರ್ಮಾನ ಕೊಡಬಾರದು, ಏಕೆಂದರೆ ನಕ್ಷೆಯಲ್ಲಿರುವ ಕೀಲಿಗೂ ಕಟ್ಟಿದ ಕೀಲಿಗೂ ಯಾವಾಗಲೂ ಅಂತರವಿರುತ್ತದೆ. ಫ್ಯಾನ್ ನಿಂತಿದ್ದಾಗ ತೊಲೆಯ ನಡುವಿಗೆ ಅಲುಗಾಟ ಅಳೆಯುವ ಅಕ್ಸೆಲೆರೋಮೀಟರ್ ಅಂಟಿಸಿ, ರಬ್ಬರ್ ತುದಿಯ ಭಾರದ ಸುತ್ತಿಗೆಯಿಂದ ಒಂದೇ ಒಂದು ಹೊಡೆತ ಕೊಟ್ಟೆವು. ಪರದೆಯ ಮೇಲೆ ಗೆರೆ ಎದ್ದು, ಅಲುಗುತ್ತ ಅಲುಗುತ್ತ ನಿಧಾನವಾಗಿ ಕುಗ್ಗಿತು. ಎಣಿಸಿ ನೋಡಿದಾಗ ಆವೃತ್ತಿ 16ಕ್ಕಿಂತ ತುಸು ಮೇಲೆ. ಎತ್ತರ ಅರ್ಧಕ್ಕಿಳಿಯಲು ಹನ್ನೊಂದು ಅಲುಗಾಟ ಬೇಕಾಯಿತು. ಹನ್ನೊಂದಕ್ಕೆ ಅರ್ಧವಾದರೆ ಡ್ಯಾಂಪಿಂಗ್ ಸರಿಸುಮಾರು ನೂರಕ್ಕೆ ಒಂದು ಎಂದೇ ಅರ್ಥ. ಸುತ್ತಿಗೆಯ ಈ ಪರೀಕ್ಷೆಗೆ ಐದು ನಿಮಿಷ ಸಾಕು. ಚಾನೆಲ್ ಬೆಸೆಯುವ ಮೊದಲು ಯಾರಾದರೂ ಆ ಐದು ನಿಮಿಷ ಕೊಟ್ಟಿದ್ದರೆ ಉಳಿದದ್ದೆಲ್ಲ ತಪ್ಪುತ್ತಿತ್ತು.

ಪರಿಹಾರಕ್ಕೆ ಮೂರು ದಾರಿಗಳಿದ್ದವು. ಮೊದಲನೆಯದು ಬಲವನ್ನೇ ಕುಗ್ಗಿಸುವುದು. ಅದೇ ಸಂಜೆ ರೆಕ್ಕೆಗಳ ದೂಳು ಕೆರೆದು ಫ್ಯಾನನ್ನು ಬ್ಯಾಲೆನ್ಸ್ ಮಾಡಿಸಿದಾಗ ಅಲ್ಲಾಟ ಗಣನೀಯವಾಗಿ ಇಳಿಯಿತು. ದೂಳು ಮತ್ತೆ ಮೆತ್ತುವುದು ಖಂಡಿತವಾದ್ದರಿಂದ ಇದರಿಂದ ಸಿಕ್ಕಿದ್ದು ಬರೀ ಕಾಲಾವಕಾಶ. ಎರಡನೆಯದು ಪ್ಲಾಟ್‌ಫಾರ್ಮ್ ಮೇಲೆ ಕಾಂಕ್ರೀಟಿನ ದಪ್ಪ ದಿಂಡು ಹಾಕಿ ತೂಕ ಹೆಚ್ಚಿಸಿ ಆವೃತ್ತಿಯನ್ನು ಕೆಳಗಿಳಿಸುವುದು. ಇದರಲ್ಲಿ ತಪ್ಪೇನಿಲ್ಲ. ಆದರೆ ಹೀಗೆ ಮಾಡಿದರೆ ಫ್ಯಾನ್ ಪ್ರತಿ ಬಾರಿ ಹೊರಟಾಗಲೂ ನಿಂತಾಗಲೂ ಅನುರಣನವನ್ನು ದಾಟಿಯೇ ಹೋಗಬೇಕು. ಮೂರನೆಯದು ಆವೃತ್ತಿಯನ್ನು ಓಡುವ ವೇಗಕ್ಕಿಂತ ಬಹಳ ಮೇಲಕ್ಕೆ ಒಯ್ಯುವುದು. ಇಲ್ಲಿಯೇ ಚಾನೆಲ್‌ಗಳ ಮಿತಿ ಗೊತ್ತಾಗುವುದು: ಬಿಗಿತವನ್ನು ಇಮ್ಮಡಿಸಿದರೂ ಆವೃತ್ತಿ ಏರುವುದು 1.4 ಪಟ್ಟು ಮಾತ್ರ. 13ರಿಂದ 26ಕ್ಕೆ ಹೋಗಬೇಕಾದರೆ ನಾಲ್ಕು ಪಟ್ಟು ಬಿಗಿತ ಬೇಕು, ಮತ್ತು ಬೆಸೆದ ಉಕ್ಕಿನ ತೂಕವೂ ಅಷ್ಟಷ್ಟು ಹಿಂದಕ್ಕೆಳೆಯುತ್ತದೆ. ಹಾಗಾಗಿ ತೊಲೆಗಳ ನಡುವಿಗೆ ಕೆಳಗಿನಿಂದ ಒಂದೊಂದು ಕಂಬ ಕೊಟ್ಟು, ಕಂಬಗಳಿಗೆ ಸರಿಯಾದ ಅಡಿಪಾಯ ಹಾಕಿಸಿದೆವು. ಅಳೆದಾಗ 26 ಹರ್ಟ್ಸ್ ದಾಟಿತ್ತು. ಅಷ್ಟಾದರೂ ಬಲದ ಹಿಗ್ಗುವಿಕೆ 1.6 ಪಟ್ಟಿನಷ್ಟು ಉಳಿದೇ ಇರುತ್ತದೆ. ಅದನ್ನು ಸೊನ್ನೆ ಮಾಡಲು ಬಾರದು.

ಸ್ಪ್ರಿಂಗ್ ಹಾಕಿದರೆ ಆಗದೇ ಎಂದು ಅಲ್ಲಿದ್ದವರು ಕೇಳಿದ್ದರು. ಯಂತ್ರವನ್ನು ಸ್ಪ್ರಿಂಗುಗಳ ಮೇಲೆ ಕೂರಿಸಿ, ಅದರ ಸಹಜ ಆವೃತ್ತಿಯನ್ನು ಓಡುವ ವೇಗದ ಮೂರನೇ ಒಂದು ಭಾಗಕ್ಕೆ ಇಳಿಸಿದರೆ ಕೆಳಕ್ಕೆ ದಾಟುವ ಬಲ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಸ್ಪ್ರಿಂಗ್ ಕೆಲಸ ಮಾಡಲು ಅದರ ಕೆಳಗಿನ ನೆಲೆ ಅದಕ್ಕಿಂತ ಬಹಳ ಬಿಗಿಯಾಗಿರಬೇಕು. ಬಳುಕುವ ತೊಲೆಯ ಮೇಲೆ ಸ್ಪ್ರಿಂಗ್ ಇಟ್ಟರೆ ಎರಡು ಸ್ಪ್ರಿಂಗುಗಳನ್ನು ಒಂದರ ಮೇಲೊಂದು ಇಟ್ಟ ಹಾಗಾಗುತ್ತದೆ, ಮತ್ತು ಮಾರಾಟಗಾರರ ಪಟ್ಟಿಯಲ್ಲಿರುವ ಶೇಕಡಾವಾರು ಅಂಕಿ ಆ ಜಾಗಕ್ಕೆ ಅನ್ವಯಿಸುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹೆಚ್ಚು ಬಲದ ಉಕ್ಕು ಬಳಸಿದರೆ ಅಲ್ಲಾಟ ಕಡಿಮೆಯಾಗುತ್ತದೆ ಎಂದು ನಂಬಿರುವವರು ಅನೇಕರಿದ್ದಾರೆ. 250 ಮೆಗಾಪಾಸ್ಕಲ್ (ಒತ್ತಡದ ಅಳತೆ) ಬಲದ ಉಕ್ಕಿಗೂ 450 ಮೆಗಾಪಾಸ್ಕಲ್ ಬಲದ ಉಕ್ಕಿಗೂ ಬಿಗಿತವನ್ನು ನಿರ್ಧರಿಸುವ ಸ್ಥಿತಿಸ್ಥಾಪಕ ಗುಣಾಂಕ ಒಂದೇ, ಸುಮಾರು 2 ಲಕ್ಷ ಮೆಗಾಪಾಸ್ಕಲ್. ಬಲ ಹೆಚ್ಚಿದೆಯೆಂದು ತೆಳುವಾದ ತೊಲೆ ಆರಿಸಿಕೊಂಡರೆ ಬಿಗಿತ ಕಳೆದುಕೊಳ್ಳುತ್ತೇವೆ. ಉಕ್ಕು ಒಳ್ಳೆಯದಾಗುತ್ತ ಹೋದಂತೆ ಕಟ್ಟಡಗಳು ಹೆಚ್ಚು ಅಲುಗತೊಡಗಿದ್ದಕ್ಕೆ ಇದೂ ಒಂದು ಕಾರಣ.

ಕಚೇರಿ ಕಟ್ಟಡಗಳ ಅಗಲವಾದ ಮಹಡಿಗಳಲ್ಲಿ ಇದು ಚೆನ್ನಾಗಿ ಕಾಣಿಸುತ್ತದೆ. ಅಲ್ಲಿ ಯಂತ್ರವಿಲ್ಲ, ಅಲುಗಿಸುವವರು ನಡೆದಾಡುವ ಮನುಷ್ಯರು. ಸಾಮಾನ್ಯ ನಡಿಗೆ ಸೆಕೆಂಡಿಗೆ 1.6ರಿಂದ 2.4 ಹೆಜ್ಜೆಯ ನಡುವೆ ಇರುತ್ತದೆ. ಮಹಡಿಯ ಆವೃತ್ತಿ 5 ಹರ್ಟ್ಸ್ ಇದ್ದರೆ ಅಪಾಯವಿಲ್ಲ ಎಂದು ತೋರಬಹುದು, ಆದರೆ ಹೆಜ್ಜೆಯ ಬಲ ನಯವಾದ ಅಲೆಯಲ್ಲ. ಹಿಮ್ಮಡಿ ತಾಗುವ, ಬೆರಳು ಒತ್ತುವ ಏರಿಳಿತಗಳಲ್ಲಿ ಮೂಲ ಲಯದ ಎರಡರಷ್ಟು, ಮೂರರಷ್ಟು ವೇಗದ ಅಂಶಗಳೂ ಅಡಗಿರುತ್ತವೆ. ಸೆಕೆಂಡಿಗೆ 1.7 ಹೆಜ್ಜೆ ಇಡುವವರ ಮೂರನೇ ಅಂಶ 5.1 ಹರ್ಟ್ಸ್. ಅಷ್ಟು ಸಾಕು. ಕುಳಿತು ಕೆಲಸ ಮಾಡುವವರಿಗೆ ಕಿರಿಕಿರಿಯಾಗದ ಮಿತಿಯೆಂದು ವಿನ್ಯಾಸದ ಕೈಪಿಡಿಗಳು ಗುರುತ್ವದ ಶೇಕಡಾ 0.5ರಷ್ಟು ವೇಗೋತ್ಕರ್ಷವನ್ನು ಇಟ್ಟುಕೊಂಡಿವೆ. 5 ಹರ್ಟ್ಸ್‌ನಲ್ಲಿ ಇದಕ್ಕೆ ಸಮನಾದ ಚಲನೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ, ಮಾಮೂಲಿ ಕಾಗದದ ಹಾಳೆಯ ದಪ್ಪದ ಅರ್ಧ. ತೊಲೆಯ ಸುರಕ್ಷತೆಗೆ ಇದು ಸಂಬಂಧವೇ ಇಲ್ಲದ ಅಂಕಿ. ಆದರೂ 4ರಿಂದ 8 ಹರ್ಟ್ಸ್‌ಗಳ ನಡುವೆ ಮನುಷ್ಯನ ದೇಹ ಎಷ್ಟು ಸೂಕ್ಷ್ಮವೆಂದರೆ, ಅಷ್ಟಕ್ಕೇ ಕೆಲವರಿಗೆ ತಲೆ ಸುತ್ತಿದ ಅನುಭವವಾಗಿ "ಈ ಕಟ್ಟಡ ಗಟ್ಟಿಯಿದೆಯೇ?" ಎಂಬ ಪ್ರಶ್ನೆ ಹುಟ್ಟುತ್ತದೆ. ಹಳೆಯ ಕಚೇರಿಗಳಲ್ಲಿ ಭಾರದ ಕಪಾಟುಗಳೂ ಮಹಡಿಯಿಂದ ಮಹಡಿಗೆ ಎದ್ದ ಅಡ್ಡಗೋಡೆಗಳೂ ಇದ್ದು ಡ್ಯಾಂಪಿಂಗ್ ಒದಗಿಸುತ್ತಿದ್ದವು. ಗೋಡೆಗಳಿಲ್ಲದ, ಕಾಗದವಿಲ್ಲದ ಇಂದಿನ ಕಚೇರಿಗಳಲ್ಲಿ ಆ ಆಸರೆಯೂ ಹೋಗಿದೆ.

ನಡಿಗೆಗಿಂತ ಕುಣಿತ ಕಠಿಣ, ಏಕೆಂದರೆ ಅಲ್ಲಿ ಎಲ್ಲರೂ ಒಂದೇ ತಾಳಕ್ಕೆ ಹಾರುತ್ತಾರೆ. 2011ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಟೆಕ್ನೋಮಾರ್ಟ್ ಎಂಬ 39 ಅಂತಸ್ತಿನ ಕಟ್ಟಡದ ಮೇಲಿನ ಮಹಡಿಗಳು ಸುಮಾರು ಹತ್ತು ನಿಮಿಷ ಅಲುಗಿ, ಜನರನ್ನೆಲ್ಲ ಹೊರಗೆ ಕಳಿಸಬೇಕಾಯಿತು. ಭೂಕಂಪವಾಗಿರಲಿಲ್ಲ. 12ನೇ ಮಹಡಿಯ ವ್ಯಾಯಾಮಶಾಲೆಯಲ್ಲಿ ಒಂದು ಗುಂಪು ತಾಳಕ್ಕೆ ಸರಿಯಾಗಿ ಮಾಡಿದ ಹುರುಪಿನ ವ್ಯಾಯಾಮದ ಲಯ ಕಟ್ಟಡದ ಮೇಲೆ-ಕೆಳಗಿನ ಸಹಜ ಆವೃತ್ತಿಗೆ ಕೂಡಿತ್ತು ಎಂಬುದು ತನಿಖೆ ನಡೆಸಿದವರ ತೀರ್ಮಾನ. ಅದೇ ವ್ಯಾಯಾಮವನ್ನು ಮತ್ತೆ ಮಾಡಿಸಿ ಕಟ್ಟಡ ಅಲುಗುವುದನ್ನು ಅವರು ಅಳೆದು ತೋರಿಸಿದರು.

ಸೈನಿಕರು ಸೇತುವೆಯ ಮೇಲೆ ಹೆಜ್ಜೆ ತಪ್ಪಿಸಿ ನಡೆಯಬೇಕೆಂಬ ನಿಯಮಕ್ಕೆ 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ತೂಗುಸೇತುವೆ ಕುಸಿದದ್ದು ಕಾರಣವೆಂದು ಎಲ್ಲ ಪಠ್ಯಗಳೂ ಹೇಳುತ್ತವೆ. ನನಗೆ ಅದಕ್ಕಿಂತ ಕುತೂಹಲದ್ದಾಗಿ ತೋರುವುದು ಲಂಡನ್ನಿನ ಮಿಲೇನಿಯಂ ಕಾಲ್ಸೇತುವೆ. 2000ದ ಜೂನ್ 10ರಂದು ತೆರೆದ ಆ ಉಕ್ಕಿನ ಸೇತುವೆಯನ್ನು ಎರಡೇ ದಿನಗಳಲ್ಲಿ ಮುಚ್ಚಬೇಕಾಯಿತು. ಅದು ಅಲುಗಿದ್ದು ಅಡ್ಡಡ್ಡಕ್ಕೆ. ನಡೆಯುವಾಗ ಎಡಗಾಲು ಒಂದು ಕಡೆಗೆ, ಬಲಗಾಲು ಇನ್ನೊಂದು ಕಡೆಗೆ ಸ್ವಲ್ಪ ತಳ್ಳುವುದರಿಂದ ಅಡ್ಡಬಲದ ಲಯ ಹೆಜ್ಜೆಯ ಲಯದ ಅರ್ಧ, ಅಂದರೆ 1 ಹರ್ಟ್ಸ್‌ನ ಆಸುಪಾಸು; ಸೇತುವೆಯ ಅಡ್ಡ ಆವೃತ್ತಿಗಳೂ ಅಲ್ಲಿಯೇ ಇದ್ದವು. ಸೇತುವೆಯ ಮೇಲಿದ್ದ ಜನರನ್ನು ಯಾರೂ ಸೈನಿಕರಂತೆ ಸಾಲಾಗಿ ನಡೆಸಿರಲಿಲ್ಲ. ನೆಲ ತುಸು ಜರುಗಿದಾಗ ಬೀಳದಿರಲು ಮನುಷ್ಯ ತಾನಾಗಿಯೇ ಕಾಲು ಅಗಲಿಸಿ ಆ ಓಲಾಟಕ್ಕೆ ಹೊಂದಿಕೊಳ್ಳುತ್ತಾನೆ, ಹಾಗೆ ಹೊಂದಿಕೊಂಡು ಓಲಾಟವನ್ನು ಇನ್ನಷ್ಟು ದೂಡುತ್ತಾನೆ. ಒಂದು ಸಂಖ್ಯೆಯವರೆಗೆ ಜನ ಸೇರಿದರೂ ಏನೂ ಆಗುವುದಿಲ್ಲ, ಅದನ್ನು ದಾಟಿ ಕೆಲವೇ ಜನ ಹೆಚ್ಚಾದರೆ ಓಲಾಟ ಒಮ್ಮೆಲೇ ಬೆಳೆಯುತ್ತದೆ. ಆ ಸಂಖ್ಯೆಯನ್ನು ನಿರ್ಧರಿಸುವುದು ಡ್ಯಾಂಪಿಂಗ್. ಹೀಗಾಗಿ ಅಲ್ಲಿ ಹೆಚ್ಚಿನ ಉಕ್ಕು ಹಾಕುವ ಬದಲು 37 ದ್ರವ ಡ್ಯಾಂಪರ್‌ಗಳನ್ನೂ, ತೂಕ ಮತ್ತು ಸ್ಪ್ರಿಂಗುಗಳಿಂದ ಮಾಡಿದ ಐವತ್ತಕ್ಕೂ ಹೆಚ್ಚು ಲಯಬದ್ಧ ಡ್ಯಾಂಪರ್‌ಗಳನ್ನೂ ಅಳವಡಿಸಿ 2002ರ ಫೆಬ್ರುವರಿಯಲ್ಲಿ ಸೇತುವೆಯನ್ನು ಮತ್ತೆ ತೆರೆದರು.

ಅನುರಣನಕ್ಕೆ ಉದಾಹರಣೆಯೆಂದು ತರಗತಿಗಳಲ್ಲಿ ಗಾಳಿಗೆ ಕುಸಿದ ಅಮೆರಿಕದ ಟಕೋಮಾ ಸೇತುವೆಯ ಚಲನಚಿತ್ರ ತೋರಿಸುವ ರೂಢಿಯಿದೆ. ನನಗೆ ಅದು ಒಪ್ಪಿಗೆಯಿಲ್ಲ. 1940ರ ನವೆಂಬರ್ 7ರಂದು ಬಿದ್ದಾಗ ಆ ಸೇತುವೆ ತಿರುಚುತ್ತಿದ್ದದ್ದು ಐದು ಸೆಕೆಂಡಿಗೊಮ್ಮೆ, ಆದರೆ ಗಾಳಿಯ ಸುಳಿಗಳು ಕಳಚಿಕೊಳ್ಳುವ ಲಯ ಅದಕ್ಕೆ ಹೊಂದುತ್ತಿರಲಿಲ್ಲ. ಅಲ್ಲಿ ತಿರುಚುವಿಕೆಯೇ ಗಾಳಿಯ ಬಲವನ್ನು ತನಗೆ ಅನುಕೂಲವಾಗಿ ತಿದ್ದಿಕೊಂಡು, ಪ್ರತಿ ಸುತ್ತಿನಲ್ಲೂ ಗಾಳಿಯಿಂದ ಶಕ್ತಿ ಹೀರಿತು. ಡ್ಯಾಂಪಿಂಗ್ ಸೊನ್ನೆಗಿಂತ ಕೆಳಗಿಳಿಯಿತು ಎಂದರೆ ಹೆಚ್ಚು ಸರಿ. ಗಾಳಿಯ ನಿಜವಾದ ಅನುರಣನ ನೋಡಬೇಕಾದರೆ ಉಕ್ಕಿನ ಚಿಮಣಿಯ ಬಳಿಗೆ ಹೋಗಬೇಕು. ದುಂಡಗಿನ ಚಿಮಣಿಯ ಎರಡೂ ಬದಿಗಳಿಂದ ಸುಳಿಗಳು ಸರದಿಯಲ್ಲಿ ಕಳಚುತ್ತ ಅದನ್ನು ಗಾಳಿಗೆ ಅಡ್ಡವಾಗಿ ತೂಗುತ್ತವೆ. ಆವೃತ್ತಿಯನ್ನು ವ್ಯಾಸದಿಂದ ಗುಣಿಸಿ ಐದರಿಂದ ಗುಣಿಸಿದರೆ ಅಪಾಯದ ಗಾಳಿವೇಗ ಸಿಗುತ್ತದೆ: 2 ಮೀಟರ್ ವ್ಯಾಸ, 1 ಹರ್ಟ್ಸ್ ಇದ್ದರೆ ಸೆಕೆಂಡಿಗೆ 10 ಮೀಟರ್, ಗಂಟೆಗೆ 36 ಕಿಲೋಮೀಟರ್. ಬಿರುಗಾಳಿಗೆಂದು ವಿನ್ಯಾಸ ಮಾಡಿದ ಚಿಮಣಿ ಬಿರುಗಾಳಿಯಲ್ಲಿ ನಿಂತು, ಇಂಥ ಮಾಮೂಲಿ ಗಾಳಿಗೆ ಗಂಟೆಗಟ್ಟಲೆ ತೂಗಾಡುವುದು ಹೀಗೆ. ಚಿಮಣಿಯ ಮೇಲ್ಭಾಗಕ್ಕೆ ಹಾವು ಸುತ್ತಿದಂತೆ ಕಾಣುವ ಪಟ್ಟಿಗಳು ಸುಳಿಗಳ ಸರದಿಯನ್ನು ಕೆಡಿಸಲೆಂದೇ ಇರುವಂಥವು. ಅವುಗಳಿಂದ ಗಾಳಿಯ ನೇರ ಒತ್ತಡ ಹೆಚ್ಚಾಗುತ್ತದೆ ಎಂಬುದನ್ನು ಮರೆತು, ಕಟ್ಟಿದ ಚಿಮಣಿಗೆ ಆಮೇಲೆ ಪಟ್ಟಿ ಹಾಕಿಸಲು ಹೊರಡುವವರೂ ಇದ್ದಾರೆ.

ಲಯವಿಲ್ಲದೆ ಒಮ್ಮೆಲೇ ಬೀಳುವ ಹೊರೆಯ ವಿಷಯ ಚುಟುಕಾಗಿ ಮುಗಿಯುತ್ತದೆ. ತೊಲೆಗೆ ತಾಗಿಸಿ ಹಿಡಿದ ಭಾರವನ್ನು ಫಕ್ಕನೆ ಬಿಟ್ಟರೆ ಬಾಗು ಇಮ್ಮಡಿಯಾಗುತ್ತದೆ. ಸ್ಥಿರವಾಗಿ 5 ಮಿಲಿಮೀಟರ್ ಬಾಗಿಸುವ ಭಾರ 10 ಮಿಲಿಮೀಟರ್ ಎತ್ತರದಿಂದ ಬಿದ್ದರೆ ಮೂರು ಪಟ್ಟಿಗೂ ಹೆಚ್ಚು. ಅದಕ್ಕೇ ಕ್ರೇನ್ ತೊಲೆಗಳಿಗೆ ಸಂಹಿತೆಗಳು, ಅಂದರೆ ವಿನ್ಯಾಸದ ನಿಯಮಾವಳಿಗಳು, ಚಕ್ರದ ಹೊರೆಯ ಮೇಲೆ ಇಂತಿಷ್ಟು ಎಂದು ಕೂಡಿಸುತ್ತವೆ. ವಿದ್ಯುತ್ ಕ್ರೇನುಗಳಿಗೆ ಶೇಕಡಾ 25 ಎಂಬುದು ಬಹಳ ಕಡೆ ಬಳಕೆಯಲ್ಲಿರುವ ಅಂಕಿ.

ಕ್ರೇನಿನ ಹೊರೆಗಿಂತ ಅದರ ಎಣಿಕೆ ಮುಖ್ಯ, ಮತ್ತು ಫ್ಯಾನಿನ ಕಥೆ ಮುಗಿಯುವುದೂ ಎಣಿಕೆಯಲ್ಲಿಯೇ. ಒಮ್ಮೆ ಹೊತ್ತರೆ ಏನೂ ಆಗದ ಹೊರೆಯನ್ನು ಲಕ್ಷಾಂತರ ಬಾರಿ ಹೊತ್ತಾಗ ಉಕ್ಕು ದಣಿಯುತ್ತದೆ. ರೈಲಿನ ಅಚ್ಚುಗಳು ಹೀಗೆ ಮುರಿಯುವುದನ್ನು ಜರ್ಮನಿಯ ಆಗಸ್ಟ್ ವೋಲರ್ 19ನೇ ಶತಮಾನದ ನಡುವಿನಲ್ಲಿಯೇ ಪ್ರಯೋಗಗಳಿಂದ ತೋರಿಸಿದ್ದರು. ಬೆಸುಗೆಯಿರುವ ಉಕ್ಕಿನಲ್ಲಿ ಆಯುಷ್ಯ ಪೀಡನದ (ಹೊರೆಯಿಂದ ಉಕ್ಕಿನೊಳಗೆ ಹುಟ್ಟುವ ಒತ್ತಡದ) ಏರಿಳಿತದ ಘನಕ್ಕೆ ವಿಲೋಮವಾಗಿರುತ್ತದೆ: ಏರಿಳಿತ ಇಮ್ಮಡಿಸಿದರೆ ಆಯುಷ್ಯ ಎಂಟನೇ ಒಂದು. ಉಕ್ಕಿನ ದರ್ಜೆ ಏರಿಸಿದರೆ ಇಲ್ಲಿಯೂ ಪ್ರಯೋಜನವಿಲ್ಲ. ಬೆಸುಗೆಯ ಆಕಾರವೇ ಎಲ್ಲವನ್ನೂ ನಿರ್ಧರಿಸುತ್ತದೆ. ಯುರೋಪಿನ ಸಂಹಿತೆಯಲ್ಲಿ ಉರುಳೆಗಳ ನಡುವೆ ಒತ್ತಿ ತಯಾರಿಸಿದ, ಬೆಸುಗೆಯಿಲ್ಲದ ತೊಲೆಗೆ 20 ಲಕ್ಷ ಸುತ್ತುಗಳಿಗೆ 160 ಮೆಗಾಪಾಸ್ಕಲ್ ಏರಿಳಿತ ಒಪ್ಪಿತವಾದರೆ, ಫ್ಲಾಂಜಿನ ಮೇಲೆ ಬೆಸೆದ ಹೆಚ್ಚುವರಿ ಪಟ್ಟಿ ನಡುದಾರಿಯಲ್ಲಿ ಮುಗಿಯುವ ಜಾಗಕ್ಕೆ ಅದು 56, ದಪ್ಪ ಹೆಚ್ಚಿದಂತೆ 36ರವರೆಗೂ ಇಳಿಯುತ್ತದೆ. ದಿನಕ್ಕೆ 200 ಬಾರಿ ಎತ್ತುವ ಕ್ರೇನ್ 20 ಲಕ್ಷ ಸುತ್ತು ಮುಗಿಸಲು ಇಪ್ಪತ್ತೇಳು ವರ್ಷ ಬೇಕು. ನಿಮಿಷಕ್ಕೆ 980 ಸುತ್ತಿನ ಫ್ಯಾನಿಗೆ 34 ಗಂಟೆ ಸಾಕು.

ಬೆಸುಗೆ ಸಣ್ಣದೆಂದು ಉದಾಸೀನ ಮಾಡುವವರಿಗೆ ನಾನು ಹೇಳುವುದು ಸಮುದ್ರದ ತೈಲ ಕೆಲಸಗಾರರು ತಂಗುತ್ತಿದ್ದ ಅಲೆಕ್ಸಾಂಡರ್ ಕೀಲಾಂಡ್ ಎಂಬ ತೇಲುವ ಉಕ್ಕಿನ ನೆಲೆಯ ಕಥೆ. 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಅದು ಮಗುಚಿ, ಮೇಲಿದ್ದ 212 ಜನರಲ್ಲಿ 123 ಮಂದಿ ತೀರಿಕೊಂಡರು. ಒಂದು ಅಡ್ಡಕೊಳವೆ ಮುರಿದು, ಅದರಿಂದ ಒಂದು ಕಾಲೇ ಕಳಚಿಹೋಗಿತ್ತು. ಆ ಕೊಳವೆಗೆ ಶಬ್ದಗ್ರಾಹಿಯೊಂದನ್ನು ಕೂರಿಸಲು ಹಾಕಿದ್ದ ಚಿಕ್ಕ ಆಧಾರದ ಸುತ್ತಲಿನ 6 ಮಿಲಿಮೀಟರ್ ಬೆಸುಗೆಯಲ್ಲಿ ದಣಿವಿನ ಬಿರುಕು ಹುಟ್ಟಿ, ಅಲೆ ಅಲೆಗೂ ಬೆಳೆದಿತ್ತು. ಹೊರೆ ಹೊರುವ ಭಾಗವೆಂದು ಯಾರೂ ಎಣಿಸಿರದ ಬೆಸುಗೆ ಅದು.

ನಮ್ಮ ಪ್ಲಾಟ್‌ಫಾರ್ಮಿನ ಚಾನೆಲ್‌ಗಳೂ ತೊಲೆಯ ತುದಿಯವರೆಗೆ ಹೋಗದೆ ಎರಡೂ ಕಡೆ ಒಂದೊಂದು ಮಾರಿನಷ್ಟು ಮೊದಲೇ ನಿಂತಿದ್ದವು. ಕಂಬಗಳನ್ನು ಕೊಟ್ಟು ಮುಗಿಸಿದ ಮೇಲೆ ಆ ನಾಲ್ಕು ಕಡೆಗಳಲ್ಲಿ ಚಾನೆಲ್‌ಗಳು ಮುಗಿಯುವ ಜಾಗಗಳನ್ನು ನೋಡದೆ ಹೊರಡುವುದು ನನಗೆ ಸರಿಯೆನಿಸಲಿಲ್ಲ. ಮೂರರಲ್ಲಿ ಬಣ್ಣ ಹಾಗೆಯೇ ಇತ್ತು. ನಾಲ್ಕನೆಯದರಲ್ಲಿ ಬೆಸುಗೆಯ ಅಂಚಿಗೆ ಸರಿಯಾಗಿ, ಪೆನ್ಸಿಲ್ಲಿನಿಂದ ಎಳೆದಂತೆ, ಒಂದು ಸಣ್ಣ ತುಕ್ಕಿನ ಗೆರೆ. ಬಣ್ಣ ಕೆರೆದು, ಬಿರುಕಿನೊಳಕ್ಕೆ ಇಳಿಯುವ ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿ ಹತ್ತು ನಿಮಿಷ ಕಾದಾಗ ಬಿಳಿಯ ಮೇಲೆ 14 ಮಿಲಿಮೀಟರ್ ಉದ್ದದ ಕೆಂಪು ಎಳೆಯೊಂದು ಒಸರಿ ಬಂತು. ಮೂರು ವಾರಕ್ಕೆ, ಸುಮಾರು ಮೂರು ಕೋಟಿ ಸುತ್ತುಗಳಿಗೆ, ಅಷ್ಟು. ಬಿರುಕನ್ನು ಪೂರ್ತಿಯಾಗಿ ಗ್ರೈಂಡ್ ಮಾಡಿ ತೆಗೆದು, ಮತ್ತೆ ಬೆಸೆದು, ಮೇಲ್ಮೈಯನ್ನು ತೊಲೆಯ ಉದ್ದಕ್ಕೆ ನಯಗೊಳಿಸಿ, ಎರಡನೆಯ ಬಾರಿ ಕೆಂಪು ಬಳಿದು ನೋಡಿದೆವು. ಬಿಳಿ ಹಾಗೆಯೇ ಉಳಿಯಿತು. ಆಪರೇಟರ್ ಫ್ಯಾನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಓಡಿಸಿ, ಸ್ವಿಚ್ ಆರಿಸಿದರು. ಅದು ನಿಲ್ಲುವವರೆಗೂ ಅವರು ಕಂಬಿಯ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.